ಮುಟ್ಟುವ ಮೇಜು ಎಲ್ಲಿ ಹೋಯಿತು?

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಆದಿಮಾನವರ ಕೊಠಡಿಯಲ್ಲಿದ್ದ ಮುಟ್ಟುವ ಮೇಜನ್ನು ಕಿತ್ತು ಹನ್ನೆರಡು ಸ್ಪರ್ಶಪರದೆಗಳನ್ನು ನಿಲ್ಲಿಸಿದ್ದೀರಿ. ಕಣ್ಣು ಕಾಣದ ನನ್ನ ಮಗಳ ಪರವಾಗಿ ಕೇಳುತ್ತೇನೆ: ಅಲ್ಲಿ ಸ್ಪರ್ಶಕ್ಕೆ ಸಿಗುವುದಾದರೂ ಏನು?

ಆ ಮೇಜು ಮಾಡಿದ ಬಡಗಿ ನಾನೇ. ಅದರ ಮೇಲೆ ಕಲ್ಲಿನ ಕೊಡಲಿ, ಮೂಳೆಯ ಸೂಜಿ, ಜೊತೆಗೆ ಹತ್ತು ಸಾವಿರ ವರ್ಷಗಳ ಹಿಂದೆ ಗುಹೆಯ ಕೆಸರಿನಲ್ಲಿ ಮೂಡಿದ್ದ ಮಗುವಿನ ಹೆಜ್ಜೆಯೊಂದರ ಪ್ಲಾಸ್ಟರ್ ಪಡಿಯಚ್ಚು ಇದ್ದವು. ಆರನೇ ವಯಸ್ಸಿನಲ್ಲಿ ಜ್ವರ ಬಂದು ಮಗಳ ದೃಷ್ಟಿ ಹೋಯಿತು. ಆಮೇಲೆ ಅವಳು ಮೂಲೆ ಹಿಡಿದಳು. ತಾನಾಗಿ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ, ಎತ್ತಿಕೊಂಡೇ ಓಡಾಡಬೇಕಿತ್ತು. ಒಂದು ದಿನ ಕೆಲಸಕ್ಕೆ ಹೊತ್ತುಕೊಂಡೇ ಬಂದು, ಮೇಜಿನ ಮೇಲೆ ಕೂರಿಸಿ, ಅವಳ ಪಾದವನ್ನು ಆ ಅಚ್ಚಿನೊಳಗಿಟ್ಟೆ.

"ಅಪ್ಪಾ, ಸರಿಯಾಗಿ ಕೂತ್ಕೊಳ್ತು! ಈ ಪಾಪು ಎಲ್ಲಿಗೆ ಹೋಗ್ತಿತ್ತು?"

"ಅವರಮ್ಮನ ಹಿಂದೆ, ಗುಹೆ ಒಳಗೆ."

"ಕತ್ತಲೇಲಾ? ಬೀಳಲಿಲ್ವಾ?"

"ಇಲ್ಲ ಕಣೇ, ಮುಂದೆ ಇನ್ನೂ ಹೆಜ್ಜೆಗಳಿದ್ವಂತೆ."

ಅಂದು ನಿಮ್ಮ ಮೆಟ್ಟಿಲುಗಳನ್ನು ಅವಳೇ ಇಳಿದಳು, ನನ್ನ ಕೈ ಬಿಡಿಸಿಕೊಂಡು.

ಈಗ ಅವಳಿಗೆ ಹನ್ನೊಂದು. ಹೋದ ತಿಂಗಳು ತನ್ನಂತೆಯೇ ಕಣ್ಣು ಕಾಣದ ನಾಲ್ವರು ಗೆಳತಿಯರನ್ನು ಜಂಬದಿಂದ ಕರೆತಂದಳು. ನಾನೂ ಜೊತೆಗಿದ್ದೆ; ಮೇಜು ಹೋದದ್ದು ನನಗೂ ಗೊತ್ತಿರಲಿಲ್ಲ. ಕಾವಲಿನಾಕೆ ಪಾಪ, ಒಳ್ಳೆಯವಳು. "ಇಲ್ಲಿ ಬೆರಳಿಡಮ್ಮಾ, ಪಾಪುವಿನ ಹೆಜ್ಜೆ ಬರುತ್ತೆ" ಎಂದಳು. ಮಗಳು ಗಾಜಿನ ಮೇಲೆ ಅಂಗೈ ಆಡಿಸಿದಳು.

"ಬಂತಾ?"

"ಬಂತಲ್ಲಮ್ಮಾ, ಇಲ್ಲೇ ಇದೆ."

ಅವಳು ಮೂಲೆಯಿಂದ ಮೂಲೆಗೆ ಸವರಿದಳು. ಗೆಳತಿಯರಲ್ಲೊಬ್ಬಳು ಕಿಸಕ್ಕೆಂದಳು. "ಅಪ್ಪಾ, ನಾನು ಸುಳ್ಳು ಹೇಳ್ದೆ ಅಂದ್ಕೊಂಡ್ರು ಇವರು" ಎಂದಳು ಮಗಳು.

ಅಲ್ಲಿಂದ ನೇರ ನಿಮ್ಮ ಕೊಠಡಿಗೆ ಬಂದೆ. "ಕಾಲಕ್ಕೆ ತಕ್ಕ ಹಾಗೆ ಬದಲಾಗ್ಬೇಕಪ್ಪಾ" ಎಂದಿರಿ. ಎಂಥ ಮಾತು! ಕೆಸರಿನಲ್ಲಿ ಹತ್ತು ಸಾವಿರ ವರ್ಷ ಬಾಳಿದ ಹೆಜ್ಜೆಗೆ ನಿಮ್ಮ ಎರಡು ವರ್ಷದ ಅಧಿಕಾರವನ್ನು ದಾಟಲಾಗಲಿಲ್ಲ. ಹಿತ್ತಲಿನಲ್ಲಿ, ಒಡೆದ ಹೆಂಚುಗಳಡಿ ನನಗೆ ಸಿಕ್ಕಿದ್ದು ಆ ಪಡಿಯಚ್ಚಿನ ಹಿಮ್ಮಡಿಯ ಚೂರು ಮಾತ್ರ. ಅದನ್ನು ಮಗಳಿಗೆ ಕೊಡುವ ಧೈರ್ಯ ನನಗಿಲ್ಲ. ಅಂದಿನಿಂದ ಅವಳು ಶಾಲೆಗೂ ಹೋಗಿಲ್ಲ.

ಪರದೆಗಳು ಇರಲಿ, ನೋಡುವವರು ನೋಡಲಿ. ಪಡಿಯಚ್ಚು ತೆಗೆದ ಆ ಹೆಜ್ಜೆಯ ಮೂಲ ಅಚ್ಚು ನಿಮ್ಮ ಉಗ್ರಾಣದಲ್ಲಿದೆ, ಬೀಗ ತೆಗೆಸಿ. ಮರ ನನ್ನದು, ದುಡಿಮೆಯೂ ನನ್ನದು. ಮೇಜು ಸಿದ್ಧವಾದ ದಿನ ನಮ್ಮ ಮನೆಗೆ ಬಂದು, "ನೀನು ಹೇಳಿದ್ದು ನಿಜ" ಎಂದು ಅವಳಿಗೆ ನೀವೇ ಹೇಳಬೇಕು. ನಾನು ಹೇಳಿ ನೋಡಿದೆ. ಅಪ್ಪನ ಮಾತು ಸಾಲುತ್ತಿಲ್ಲ.

ಇಂತಿ,
ನಿಮ್ಮ ಬಾಗಿಲುಗಳನ್ನು ಇನ್ನೂ ರಿಪೇರಿ ಮಾಡುತ್ತಿರುವ
ಬಡಗಿ