ಹೆಂಗಸರ ಸಾಲು

ಹುಮನಾಬಾದ
9-1-1983

ಅವ್ವನಿಗೆ ಶರಣು. ಈ ಕಾಗದ ಓದಿ ಹೇಳುವವರಿಗೂ ಶರಣು.

ನೀನು ಗಂಡೆಂದು ಬೆಳೆಸಿದ ನಾನು ಸೀರೆ ಉಟ್ಟು ನಮ್ಮೂರು ಮಂಠಾಳ ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಮೊದಲ ಸಲ ಇಲ್ಲಿ ಓಟು ಹಾಕಲು ಹೆಂಗಸರ ಸಾಲಿನಲ್ಲಿ ನಿಂತಾಗ ರಟ್ಟೆ ಹಿಡಿದು ಹೊರಗೆ ಎಳೆದಿದ್ದರು. ಆದರೂ ಪ್ರತಿ ಚುನಾವಣೆಯಲ್ಲೂ ಅದೇ ಸಾಲಿಗೆ ಹೋಗಿ ನಿಂತೆ. ನನ್ನಂತೆ ಮನೆ ಬಿಟ್ಟು ಬಂದವರು ಜೊತೆಗೂಡಿದರು. ಈಗ ಏಳು ಜನ ಇದ್ದೇವೆ. ಓಟಿನ ಪಟ್ಟಿಯಲ್ಲಿ ನಮ್ಮನ್ನು ಹೆಂಗಸರೆಂದೇ ಬರೆಯಿರಿ ಎಂದು ತಹಸೀಲ ಕಚೇರಿಗೆ ಅರ್ಜಿ ಕೊಡುತ್ತಲೇ ಬಂದೆವು.

ಮೊನ್ನೆ ಓಟಿನ ದಿನ ಮಂಜು ಬಿದ್ದಿತ್ತು. ಸಾಲಿನ ಸೀರೆಗಳೆಲ್ಲ ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ಪೊಲೀಸನೊಬ್ಬ ಬಂದು, "ನೀ ಆ ಕಡಿ ನಡಿ" ಎಂದ. ಹಿಂದೆ ನಿಂತಿದ್ದ ತರಕಾರಿ ಮಾರುವ ರುಕ್ಮಿಣಿಬಾಯಿ ನನ್ನ ಸೆರಗು ಹಿಡಿದಳು.

"ಯಾಕ ಹೋಗಬೇಕ್ರಿ ಆಕಿ? ಆಕಿ ನಮ್ಮ ಸಾಲಿನಾಕಿ."

ಯಾರೂ ಕದಲಲಿಲ್ಲ. ಅವನೇ ಸರಿದು ಹೋದ. ಬೆರಳಿಗೆ ಮಸಿ ಹಚ್ಚಿಸಿಕೊಂಡು ಹೊರಬಂದಾಗ ಕಾಲು ನೆಲದ ಮೇಲಿದ್ದುದೇ ನನಗೆ ತಿಳಿಯಲಿಲ್ಲ.

ಅಂದಿನಿಂದ ಕನಸಿನಲ್ಲಿ ನಮ್ಮ ಹೊಲ ಬರುತ್ತಿದೆ. ಜೋಳ ನಿನ್ನನ್ನು ಮುಚ್ಚುವಷ್ಟು ಎತ್ತರ ಬೆಳೆದಿರುತ್ತದೆ, ನಿನ್ನ ದನಿ ಮಾತ್ರ ಕೇಳಿಸುತ್ತದೆ.

ಎಳ್ಳ ಅಮಾವಾಸ್ಯೆಯ ಪೂಜೆಗೆ ಹೊಲಕ್ಕೆ ಬರುತ್ತೇನೆ, ಬೇಡ ಎನ್ನಬೇಡ. ಕಾಳು ಕುದಿಸಿ ಮಾಡುವ ಭಜ್ಜಿಗೆ ಮೆಂತ್ಯ ಸೊಪ್ಪು ನಾನೇ ತರುತ್ತೇನೆ. ಬಂದವರು ಯಾರು ಎಂದು ಪಕ್ಕದ ಹೊಲದವರು ಕೇಳಿದರೆ ಉತ್ತರ ಹೇಳಲು ಅಣ್ಣನಿಗೆ ಬಿಡಬೇಡ. ಮಗಳು ಎಂದು ನೀನೇ ಹೇಳು.

ನಿನ್ನ
ಸರುಬಾಯಿ