ಯಾರ ಜೊತೆ ಇದ್ದೀರಿ?

ಮನೆಯಿಂದ, ಮೂರನೆಯ ಮಹಡಿ
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ನನ್ನ ಪ್ರೀತಿಯ ಸಮುದ್ರವಾಸಿಗೆ,

ಮೊದಲು ನಿನ್ನ ಸಮಾಚಾರ ಹೇಳು. ಹಡಗು ಹೊಯ್ದಾಡಿದರೆ ಈಗಲೂ ಹೊಟ್ಟೆ ತೊಳಸುತ್ತದೆಯೋ, ಇಲ್ಲ ಅಭ್ಯಾಸವಾಯಿತೋ? ಎಡಗಡೆಯ ದವಡೆಹಲ್ಲನ್ನು ಹಡಗಿನ ವೈದ್ಯರಿಗೆ ತೋರಿಸಿದೆಯಾ? ತೋರಿಸಿರುವುದಿಲ್ಲ, ನನಗೆ ಗೊತ್ತು. ಸಮುದ್ರದ ತಳ ಎಷ್ಟು ಆಳ ಎಂದು ಅಳೆದು ನಕ್ಷೆ ಮಾಡುವವಳಿಗೆ ತನ್ನ ಹಲ್ಲಿನ ಹುಳುಕು ಎಷ್ಟು ಆಳ ಎಂದು ನೋಡಿಸಿಕೊಳ್ಳಲು ಭಯ. ಮುಂದಿನ ಬಂದರಿನಲ್ಲಾದರೂ ತೋರಿಸು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಲಿಫ್ಟ್ ರಿಪೇರಿ ಮಾಡುವವನು ಮೆಟ್ಟಿಲು ಹತ್ತುವುದೇ ಹೆಚ್ಚು ಎಂಬುದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಬಾಲ್ಕನಿಯ ಜರಿಗಿಡ ಒಣಗಿತು. ಅದು ನೀನಿದ್ದಾಗಲೇ ಹಾಗೆ ತೀರ್ಮಾನಿಸಿತ್ತು, ನನ್ನ ತಲೆಗೆ ಕಟ್ಟಬೇಡ.

ನಿನ್ನ ಸಂದೇಶ ನಿಮ್ಮ ಕಚೇರಿಯ ಮೂಲಕ ನಿನ್ನೆ ಬಂತು. ಅಮ್ಮ ತಮ್ಮನ ಮನೆಗೆ ಯಾಕೆ ಹೊರಟಿದ್ದಾಳೆ, ಏನಾಯಿತು, ವಿವರವಾಗಿ ಬರೆ. ಅಷ್ಟೇ. ನೀನು ಚುಟುಕಾಗಿ ಬರೆದಷ್ಟೂ ನಿನ್ನ ಕೋಪ ದೊಡ್ಡದು ಎಂದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿಲ್ಲವೇ. ಕೆಟ್ಟುನಿಂತ ಲಿಫ್ಟಿನ ಬಗ್ಗೆ ಮಾಲೀಕರಿಗೆ ತಿಳಿಸುವ ಹಾಗೆ ತಿಳಿಸುತ್ತೇನೆ: ಮೊದಲು ಹೇಗೆ ಓಡುತ್ತಿತ್ತು, ಆಮೇಲೆ ಎಲ್ಲಿ ನಿಂತಿತು. ಭಾನುವಾರ ಬೆಳಿಗ್ಗೆ ನಿನ್ನ ತಮ್ಮ ಕಾರು ತರುತ್ತಾನೆ. ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ಅತ್ತೆ ಅವನ ಮನೆಯಲ್ಲಿರುತ್ತಾರೆ. ಅವರ ಕಂದು ಸೂಟ್‌ಕೇಸ್ ಈಗಲೇ ಬಾಗಿಲ ಹತ್ತಿರ ಬಂದು ನಿಂತಿದೆ. ನಾನು ಎರಡು ಸಲ ಎಡವಿದ್ದೇನೆ.

ನೀನು ಹಡಗು ಹತ್ತಿದ ಮೇಲೆ ಈ ಮನೆಯಲ್ಲಿ ಜಗಳ ಆಗಿಲ್ಲ, ಅದನ್ನು ಮೊದಲು ತಲೆಯಲ್ಲಿಟ್ಟುಕೋ. ಜಗಳವಾಡಲು ಮಾತಾದರೂ ಬೇಕಲ್ಲ. ನೀನಿದ್ದಾಗ ನಾವಿಬ್ಬರೂ ನಿನ್ನ ಮೂಲಕವೇ ಮಾತಾಡುತ್ತಿದ್ದೆವು. ಅಳಿಯಂದಿರಿಗೆ ಇನ್ನೊಂದು ಚೂರು ಬಡಿಸು, ಅತ್ತೆಗೆ ಕನ್ನಡಕ ಸರಿಮಾಡಿಸಿದ್ದೇನೆ ಅಂತ ಹೇಳು, ಹೀಗೆ. ನೀನು ಹೋದ ಮೇಲೆ ಅವರು ಅದೇ ಮಾತನ್ನು ಅಡುಗೆಮನೆಯ ಬಾಗಿಲಿಗೆ ಹೇಳತೊಡಗಿದರು, ನಾನು ಫ್ರಿಜ್ಜಿಗೆ. ಕೆಲಸವೇನೂ ನಿಲ್ಲಲಿಲ್ಲ. ಊಟದ ಹೊತ್ತಿಗೆ ತಟ್ಟೆ ಇರುತ್ತಿತ್ತು, ಅವರ ಮಾತ್ರೆ ತೀರುವ ಮೊದಲೇ ಹೊಸದು ಬರುತ್ತಿತ್ತು. ಅವರು ಅವರ ಕೋಣೆಯಲ್ಲಿ, ನಾನು ನಮ್ಮ ಕೋಣೆಯಲ್ಲಿ, ನಡುವೆ ಒಂದು ಗೋಡೆ. ಅಮ್ಮನನ್ನು ಒಂಟಿಯಾಗಿ ಬಿಡಬೇಡ ಎಂದು ನೀನು ಬಂದರಿನಲ್ಲಿ ಹೇಳಿದ್ದೆ. ನಾನು ಕೆಲಸ ಮುಗಿದೊಡನೆ ನೇರ ಮನೆಗೆ ಬಂದೆ, ಒಂದು ದಿನವೂ ಎಲ್ಲೂ ನಿಲ್ಲಲಿಲ್ಲ. ಬಿಡಬೇಡ ಎಂದರೆ ಅಷ್ಟೇ ಎಂದುಕೊಂಡಿದ್ದೆ.

ಆಗ ಆ ಸಂಶೋಧನೆಯವರು ಬಂದರು. ನಾನು ಲಿಫ್ಟ್ ನೋಡಿಕೊಳ್ಳುವ ದೊಡ್ಡ ಕಟ್ಟಡದಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದರು. ಜನರ ಮನಸ್ಸು ದಿನವಿಡೀ ಎಲ್ಲೆಲ್ಲಿ ಹೇಗಿರುತ್ತದೆ, ಮನೆಯಲ್ಲಿ, ಕೆಲಸದಲ್ಲಿ, ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲಿ ಹಗುರ, ಎಲ್ಲಿ ಭಾರ ಎಂದು ತಿಳಿಯಬೇಕಂತೆ. ಆಸ್ಪತ್ರೆಗೆ ಬರುವವರನ್ನು ಮಾತ್ರ ಕೇಳಿದರೆ ಮನಸ್ಸಿನ ಬಗ್ಗೆ ಅರ್ಧವೂ ಗೊತ್ತಾಗುವುದಿಲ್ಲವಂತೆ. ವಿಧಾನ ಸರಳ. ಹೊತ್ತುಗೊತ್ತಿಲ್ಲದೆ ಫೋನ್ ಬರುತ್ತದೆ. ಧ್ವನಿಮುದ್ರಿತ ದನಿಯೊಂದು ಎಲ್ಲಿದ್ದೀರಿ, ಯಾರ ಜೊತೆ ಇದ್ದೀರಿ, ಮನಸ್ಸು ಒಂದರಿಂದ ಐದರಲ್ಲಿ ಎಷ್ಟು ಎಂದು ಕೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅಷ್ಟೇ. ಆದರೆ ಒಂದು ಮನೆಯಿಂದ ಇಬ್ಬರು ಬೇಕು, ಇಬ್ಬರ ಫೋನೂ ಒಟ್ಟಿಗೇ ಬಡಿದುಕೊಳ್ಳುತ್ತದೆ. ನಾನು ಅತ್ತೆಯನ್ನು ಸೇರಿಸಿದೆ. ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಕೂತು ಊರಿನವರ ಕರೆಗಳನ್ನು ಜೋಡಿಸಿದವರು, ಫೋನ್ ಎಂದೊಡನೆ ಬೆನ್ನು ನೆಟ್ಟಗಾಯಿತು.

ಪ್ರಶ್ನೆ ಕೇಳುವ ದನಿ ಅಲ್ಲಿ ಕೂತಿದ್ದ ಸಂಶೋಧಕಿಯದೇ. ಸಣ್ಣ ಪ್ರಾಯ, ಹೆಗಲಿಗೆ ಅವಳಿಗಿಂತ ದೊಡ್ಡ ಚೀಲ. ಎಲ್ಲ ವಿವರಿಸಲು ಒಂದು ಸಲ ಮನೆಗೂ ಬಂದಿದ್ದಳು. ಅತ್ತೆ ಅವಳಿಗೆ ‘ಎಲ್ಲಿದ್ದೀರಿ ಹುಡುಗಿ’ ಎಂದು ಹೆಸರಿಟ್ಟರು. ಅದು ಬರೀ ಮುದ್ರಿಸಿಟ್ಟ ದನಿ, ಆ ಕಡೆ ಯಾರೂ ಇರುವುದಿಲ್ಲ ಎಂದು ಅವಳೂ ಹೇಳಿದಳು, ನಾನೂ ಫ್ರಿಜ್ಜಿಗೆ ಹೇಳಿದೆ. ಅತ್ತೆ ಇಬ್ಬರನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಂತಿಯಲ್ಲಿ ದನಿ ಇದ್ದ ಮೇಲೆ ಆ ಕಡೆ ಒಬ್ಬರು ಇರಲೇಬೇಕು, ಇದು ಅವರ ಕಸುಬು ಕಲಿಸಿದ್ದು. ಕಿವಿ ಮಂದ, ಕಿವಿಯ ಯಂತ್ರ ಡ್ರಾಯರಿನಲ್ಲಿ, ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತು. ಗೋಡೆಯ ಈಚೆ ನನಗೆ ಎಲ್ಲವೂ ಕೇಳಿಸುತ್ತಿತ್ತು. ಮೂರೂ ಪ್ರಶ್ನೆಗೆ ಉತ್ತರ ಕೊಟ್ಟು ಕೊನೆಯಲ್ಲಿ ಅವರದೊಂದು ಪ್ರಶ್ನೆ: “ನಿಂದು ಊಟ ಆಯ್ತಾ?” ಆಮೇಲೆ ಕಾಯುತ್ತಿದ್ದರು. ಪೀಂ ಎಂದು ಲೈನು ಕಡಿದರೆ, ಪಾಪ, ಕೆಲಸ ಜಾಸ್ತಿ ಇರಬೇಕು ಎನ್ನುತ್ತಿದ್ದರು. ನಾನು ದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದೂ ಉಂಟು.

ಇನ್ನು ನಿಂತ ಜಾಗಕ್ಕೆ ಬರುತ್ತೇನೆ. ಯಾರ ಜೊತೆ ಎಂಬ ಪ್ರಶ್ನೆ ಮೊದಲ ದಿನವೇ ನನಗೆ ತೊಡಕಾಯಿತು. ಲಿಫ್ಟಿನಲ್ಲಿ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ನಾಲ್ವರೂ ಬಾಗಿಲ ಮೇಲಿನ ಅಂಕಿ ನೋಡುತ್ತಿರುತ್ತಾರೆ, ಆಗ ಫೋನ್ ಬಂದರೆ ಏನು ಹೇಳುವುದು ಎಂದು ಸಂಶೋಧಕಿಯನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಮಾತಾಡುತ್ತಿದ್ದರೆ ಜೊತೆ ಅನ್ನಿ, ಇಲ್ಲದಿದ್ದರೆ ಒಬ್ಬನೇ ಅನ್ನಿ ಎಂದಳು. ನನಗೆ ನಿಯಮ ಸಿಕ್ಕರೆ ಸಾಕು, ನಿನಗೆ ಗೊತ್ತಲ್ಲ. ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುವಾಗ, ಒಬ್ಬನೇ. ಬಸ್ಸಿನಲ್ಲಿ, ಒಬ್ಬನೇ. ಮನೆಯಲ್ಲಿ ಸಂಜೆ ನನ್ನ ಕೋಣೆಯಲ್ಲಿ, ಒಬ್ಬನೇ. ಮನಸ್ಸು ಎಲ್ಲ ಕಡೆಯೂ ಮೂರು. ಅದೇ ಹೊತ್ತಿಗೆ ಗೋಡೆಯ ಆಚೆ ಅತ್ತೆಗೂ ಅದೇ ಪ್ರಶ್ನೆ. ಅವರದು ಒಂದು ದಿನವೂ ಬದಲಾಗದ ಉತ್ತರ: “ಅಳಿಯಂದಿರ ಜೊತೆ ಇದೀನಿ.” ಅವರ ಕೋಣೆಯ ಬಾಗಿಲು ಹಾಕಿರುತ್ತಿತ್ತು, ನನ್ನದೂ ಹಾಕಿರುತ್ತಿತ್ತು, ನಾವು ಬೆಳಗಿನಿಂದ ಮುಖ ನೋಡಿರುತ್ತಿರಲಿಲ್ಲ, ಆದರೂ ಅಳಿಯಂದಿರ ಜೊತೆ. ಮನಸ್ಸು ನಾಲ್ಕು. ವಯಸ್ಸಾಗಿದೆ, ಪ್ರಶ್ನೆ ಅರ್ಥವಾಗಿಲ್ಲ ಎಂದುಕೊಂಡೆ. ತಿದ್ದೋಣ ಎಂದು ಒಂದೆರಡು ಸಲ ಫ್ರಿಜ್ಜಿನ ಮುಂದೆ ನಿಂತಿದ್ದೆ. ನೀರಿನ ಬಾಟಲಿ ತೆಗೆದುಕೊಂಡು ವಾಪಸು ಬಂದೆ.

ಹೋದ ವಾರ ಒಂದು ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ. ಕೈಯೆಲ್ಲ ಸೋಪು, ಫೋನನ್ನು ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಅಡುಗೆಮನೆ ಎಂದೆ. ಯಾರ ಜೊತೆ ಎಂದಿತು. ಅತ್ತೆ ಒಳಗಿದ್ದಾರೆ, ಅವರಿಗೆ ಕೇಳಿಸುವುದಿಲ್ಲ ಎಂದುಕೊಂಡು, ಸಿಂಕಿನ ಸದ್ದಿಗೆ ಮಿಗಿಲಾಗಿ ಜೋರಾಗಿಯೇ ಹೇಳಿದೆ: “ಯಾರೂ ಇಲ್ಲ. ಒಬ್ಬನೇ ಇದ್ದೀನಿ.” ನಲ್ಲಿ ನಿಲ್ಲಿಸಿ ತಿರುಗಿದರೆ ಅತ್ತೆ ನನ್ನ ಹಿಂದೆಯೇ ನಿಂತಿದ್ದರು, ಒಂದು ಕೈಯಲ್ಲಿ ಖಾಲಿ ಲೋಟ, ಇನ್ನೊಂದರಲ್ಲಿ ಬಡಿದುಕೊಳ್ಳುತ್ತಿದ್ದ ಫೋನು. ಕಿವಿಯಲ್ಲಿ ಆ ಯಂತ್ರ ಇತ್ತು. ಅದನ್ನು ಅವತ್ತೇ ಹಾಕಿಕೊಳ್ಳಬೇಕಿತ್ತೇ? ಅವರು ಲೋಟವನ್ನು ಸದ್ದಾಗದ ಹಾಗೆ ಸಿಂಕಿನಲ್ಲಿಟ್ಟು ಒಳಗೆ ಹೋದರು. ಗೋಡೆಯ ಆಚೆಯಿಂದ ಆ ಹುಡುಗಿಯ ದನಿ, ಯಾರ ಜೊತೆ ಇದ್ದೀರಿ. ಕುರ್ಚಿ ಎಳೆದ ಸದ್ದು ಬಂತು. ಆಮೇಲೆ “ಒಬ್ಬಳೇ ಕಣಮ್ಮ” ಎಂದರು. ಮನಸ್ಸು? “ಒಂದು ಅಂತ ಬರ್ಕೊ.” ಅವಳ ಊಟ ಆಯಿತೇ ಎಂದು ಕೇಳಲಿಲ್ಲ. ಮಾರನೆಯ ದಿನ ಮಗನಿಗೆ ಫೋನ್ ಮಾಡಿದರು.

ನಿಯಮದ ಪ್ರಕಾರ ನಾನು ತಪ್ಪು ಹೇಳಿಲ್ಲ. ಇದನ್ನು ನಾನು ಲಿಫ್ಟಿನ ಮೇಲೆ ಕೂತು ಬಹಳ ಸಲ ಯೋಚಿಸಿ ನೋಡಿದ್ದೇನೆ. ನಾವು ಮಾತಾಡುತ್ತಿರಲಿಲ್ಲ, ಆದ್ದರಿಂದ ಒಬ್ಬನೇ. ಆದರೂ ಅವತ್ತಿನಿಂದ ಮನೆ ಸರಿಯಿಲ್ಲ. ತಟ್ಟೆ ಇರುತ್ತದೆ, ಅತ್ತೆ ಇರುವುದಿಲ್ಲ. ಅಡುಗೆಮನೆಯ ಬಾಗಿಲಿಗೂ ಈಗ ಮಾತಿಲ್ಲ. ಕತ್ತಲಾದರೂ ಅವರ ಕೋಣೆಯ ದೀಪ ಹೊತ್ತುವುದಿಲ್ಲ, ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಾರೆ. ಅಷ್ಟು ದಿನ ನಾಲ್ಕು ಎನ್ನುತ್ತಿದ್ದವರು ಈಗ ಒಂದು ಎನ್ನುತ್ತಾರೆ, ಅದೂ ಯಾರದೋ ಮನೆಯ ನಂಬರ್ ಹೇಳಿದ ಹಾಗೆ. ನಿನ್ನ ಅಪ್ಪ ತೀರಿಕೊಂಡ ವರ್ಷ ಅಮ್ಮ ಹೀಗೇ ಕೂತಿರುತ್ತಿದ್ದರು ಎಂದು ನೀನು ಹೇಳಿದ್ದು ನೆನಪಾಗಿ ನನಗೆ ಹೆದರಿಕೆಯಾಯಿತು. ತಮ್ಮನ ಮನೆಯಲ್ಲಿ ಮಕ್ಕಳಿದ್ದಾರೆ, ಗದ್ದಲವಿದೆ, ಅಲ್ಲಿ ಅವರಿಗೆ ಹಿತವಾಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಸೋಮವಾರ ಸಂಶೋಧಕಿ ಬಂದಿದ್ದಳು. ಮನೆ ಬದಲಾಯಿಸುತ್ತಿದ್ದೇನೆ, ಭಾನುವಾರದಿಂದ ನನ್ನನ್ನು ಬಿಟ್ಟುಬಿಡು ಎಂದು ಅತ್ತೆ ಅವಳಿಗೆ ಹೇಳಿದರು. ಅವಳು ಅತ್ತೆಯ ಪಕ್ಕ ಕೂತು, ಇಷ್ಟು ದಿನ ನೀವು ಕೇಳಿದ್ದನ್ನೆಲ್ಲ ಆಮೇಲೆ ಧ್ವನಿಮುದ್ರಣದಲ್ಲಿ ಕೇಳಿಸಿಕೊಂಡಿದ್ದೇನೆ ಅಜ್ಜಿ, ಎಲ್ಲ ದಿನವೂ ನನ್ನ ಊಟ ಆಗಿತ್ತು ಎಂದಳು. ಅತ್ತೆ ತಲೆಯಾಡಿಸಿದರು, ಅಷ್ಟೇ. ನಾನು ಅವಳನ್ನು ಲಿಫ್ಟಿನವರೆಗೆ ಬಿಡಲು ಹೋದೆ. ಗೋಡೆಯ ಆಚೆ ಇರುವವರು ಲೆಕ್ಕಕ್ಕೆ ಬರುತ್ತಾರೆಯೇ ಎಂದು ಕೇಳಿದೆ. ನೀನೇ ಮಾಡಿದ ನಿಯಮ ನೋಡು ಎಂದು ಹೇಳುವುದು ನನ್ನ ಉದ್ದೇಶವಾಗಿತ್ತು. ಅವಳು ಗುಂಡಿ ಒತ್ತಿ ಅಂದಳು: “ಅವತ್ತು ಏನೋ ಒಂದು ಹೇಳ್ಬೇಕಿತ್ತು, ಹೇಳ್ದೆ ಸರ್. ಗೋಡೆ ಆಚೆ ಇರೋರನ್ನ ಜೊತೆ ಅನ್ನೋರೂ ಇದಾರೆ, ಪಕ್ಕದಲ್ಲಿ ಕೂತೋರನ್ನ ಇಲ್ಲ ಅನ್ನೋರೂ ಇದಾರೆ. ಅದು ನಮಗೆ ಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ವಿ?” ಲಿಫ್ಟ್ ಬಂತು, ಹೋದಳು. ಬಾಗಿಲು ಮುಚ್ಚುವಾಗ ಸ್ವಲ್ಪ ಕಿರುಗುಟ್ಟಿತು, ಎಣ್ಣೆ ಹಾಕಬೇಕು.

ಇಷ್ಟೇ ಆದದ್ದು. ನೀನು ಸಿಟ್ಟಾಗುವುದಾದರೆ ಆಗು, ಆದರೆ ನಾನು ಅವರಿಗೆ ಒಂದು ಒರಟು ಮಾತೂ ಆಡಿಲ್ಲ ಎಂಬುದು ನಿನಗೆ ತಿಳಿದಿರಲಿ. ಆಡಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. ಹಡಗಿನ ಮೇಲೆ ನಡೆಯುವಾಗ ಕಂಬಿ ಹಿಡಿದುಕೋ. ಸಹೋದ್ಯೋಗಿಗಳಿಗೆಲ್ಲ ನನ್ನ ನೆನಪು ಹೇಳು, ನಿನ್ನ ಸರಂಜಾಮು ಎತ್ತಿಳಿಸುವ ಆ ಉದ್ದ ಮನುಷ್ಯನಿಗೂ. ನೀನಿರುವಲ್ಲಿ ಗಾಳಿ ಮೆಲ್ಲಗೆ ಬೀಸಲಿ, ನಿದ್ದೆ ಚೆನ್ನಾಗಿ ಬರಲಿ.

ಇಂತಿ ನಿನ್ನ
ಮೇಲೆ ಕೆಳಗೆ ಮಾಡಿಕೊಂಡಿರುವವನು

ವಿ.ಸೂ.: ಲಕೋಟೆಗೆ ಹಾಕುವಷ್ಟರಲ್ಲಿ ಎರಡೂ ಫೋನ್ ಬಡಿದುಕೊಂಡವು. ನಿಮ್ಮ ಕಚೇರಿಯ ಟಪಾಲು ಚೀಲ ನಾಲ್ಕು ಗಂಟೆಗೆ ಹೊರಡುತ್ತದೆ, ಮತ್ತೆ ಬರೆಯಲು ಹೊತ್ತಿಲ್ಲ, ಅತ್ತೆ ಹೊರಡುತ್ತಾರೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದು. ನಾನು ಸ್ಪೀಕರಿಗೆ ಹಾಕಿದೆ. ಯಾರ ಜೊತೆ ಎಂದಾಗ ಗೋಡೆಯ ಕಡೆ ಮುಖ ಮಾಡಿ, ಅತ್ತೆಯವರ ಜೊತೆ ಎಂದು ಗಟ್ಟಿಯಾಗಿ ಹೇಳಿದೆ. ಮನಸ್ಸು ಎರಡು ಎಂದೆ, ಅದೂ ಗಟ್ಟಿಯಾಗಿ, ಅದು ನಿಜವೂ ಹೌದು. ಆಚೆಯ ಫೋನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಮೊದಲು “ಮೆಲ್ಲಗೆ ಹೇಳಿ, ಆ ಹುಡುಗಿಗೆ ಕಿವಿ ಕೇಳಿಸುತ್ತೆ” ಎಂದು ಅತ್ತೆಯ ದನಿ ಬಂತು, ಫ್ರಿಜ್ಜಿಗಲ್ಲ, ಬಾಗಿಲಿಗಲ್ಲ, ನನಗೇ. ಆಮೇಲೆ ಫೋನ್ ಎತ್ತಿದರು. ನಿನ್ನ ತಮ್ಮನಿಗೆ ಭಾನುವಾರ ಬರಬೇಡ ಎಂದು ನಾನೇ ಹೇಳಿದ್ದೇನೆ. ಮುನಿಸಿಕೊಂಡಿದ್ದಾನೆ, ನೀನು ಬಂದರಿನಿಂದ ಒಂದು ಮಾತು ಹೇಳು. ಅದಕ್ಕೂ ಮೊದಲು, ಅತ್ತೆ ಫೋನಿನಲ್ಲಿರುವಾಗಲೇ ಸೂಟ್‌ಕೇಸ್ ಒಳಗಿಡಲು ಹೋದಾಗ ಕೇಳಿಸಿದ್ದನ್ನು ಹಾಗೇ ಬರೆಯುತ್ತೇನೆ, ನೀನು ಓದಿದರೆ ಸಾಕು: “ಮನೇಲಿ ಇದೀನಿ. ಅಳಿಯಂದಿರ ಜೊತೆ. ಅವರದು ಎರಡಂತೆ ಕಣಮ್ಮ, ನಂದು ಆಮೇಲೆ ನೋಡೋಣ. ನಿಂದು ಊಟ ಆಯ್ತಾ?”