ಸಪ್ಪೆ ಗುಳಿಗೆಗೂ ಕಹಿ ಹಾಕಿ

ಗದಗ, ಬೇಗೆ ಮಾಸ, ೨೧೮೭

…ಹಾಂ, ನಿನ್ನೆ ಈ ಕಾಗದದಲ್ಲಿ ಗುಳಿಗೆಯ ಬಣ್ಣದ ತನಕ ಬಂದಿದ್ದೆ. ಎರಡೂ ಬಿಳಿ, ಎರಡೂ ಒಂದೇ ಗಾತ್ರ, ನಡುವೆ ಒಂದೇ ಗೆರೆ. ಅಷ್ಟರಲ್ಲಿ ಕತ್ತಲಾಯಿತು. ನಮ್ಮ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಬೇಗೆ ಎಂಬುದು ವೈಶಾಖದ ಬೆನ್ನಿಗೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಅದರ ಬಿಸಿಲನ್ನು ಹಳೆಯ ಯಾವ ತಿಂಗಳೂ ತನ್ನದೆಂದು ಒಪ್ಪಲಿಲ್ಲ. ಈ ಕಾಗದ ಒಯ್ಯುವುದು ಹಿಂಟಪಾಲು. ಅದು ಹಿಂದಿನ ವರ್ಷಗಳಿಗೆ ಹೋಗುತ್ತದೆ, ಉತ್ತರ ತರುವುದಿಲ್ಲ. ಮೊದಲ ಕೊರೊನಾಕ್ಕೆ ಔಷಧ ಹುಡುಕುತ್ತ ಪರೀಕ್ಷೆ ನಡೆಸುತ್ತಿರುವ ನಿಮಗೆ ಇಂಗ್ಲಿಷಿನಲ್ಲೇ ಬರೆಯೋಣವೆಂದು ಕೂತೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೇನೆ. ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು’ ತನಕ ಬಂತು. ಏನನ್ನು ಬೇಡುವುದೋ ಆ ಮಾತು ಮರೆತುಹೋಗಿದೆ.

ನಮಗೆ ಬಂದದ್ದು ನಿಮ್ಮ ಕೊರೊನಾದ ಮರಿಮಗಳು. ಏಳನೆಯ ಕಿರೀಟ ಎನ್ನುತ್ತೇವೆ. ನನಗೂ ಹೆಂಡತಿ ನೀಲಗಂಗಾಳಿಗೂ ಒಟ್ಟಿಗೇ ಜ್ವರ ಏರಿತು. ಕಪ್ಪತಗುಡ್ಡದ ಗಾಳಿಗಿರಣಿಗಳ ಕೆಳಗೆ ಪರೀಕ್ಷೆಯ ಮನೆ ಇದೆ. ಅಲ್ಲಿ ಸೇರಿದವರು ಪಾಲುಗಾರರು. ತಟ್ಟೆ, ದಿಂಬು ಮನೆಯಿಂದಲೇ ಒಯ್ಯಬೇಕು. ಅವಳು ದಿಂಬಿನ ಚೀಲದೊಳಗೆ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೂ ತುರುಕಿದ್ದಳು. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಏನೂ ಇಲ್ಲದ ಸಪ್ಪೆ ಗುಳಿಗೆ. ಯಾರಿಗೆ ಯಾವುದೆಂದು ಕೊನೆಯ ತನಕ ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಡಬಲ್ ಬ್ಲೈಂಡ್, ಅಂದರೆ ಇಬ್ಬರೂ ಕುರುಡರು. ನಿಮ್ಮಿಂದಲೇ ಬಂದ ಪದ್ಧತಿ, ಒಳ್ಳೆಯ ಪದ್ಧತಿ, ತಕರಾರಿಲ್ಲ. ಕಣ್ಣಿಗೆ ಗುಟ್ಟು ಸಿಗದಂತೆ ಎಲ್ಲ ಮಾಡಿದ್ದರು. ನಾಲಿಗೆಯನ್ನು ಮರೆತಿದ್ದರು.

ಗುಳಿಗೆಯನ್ನು ಬಟ್ಟಲಲ್ಲಿ ಹಾಕಿ ತಲೆದೆಸೆಗೆ ಇಟ್ಟು ನರ್ಸು ಹೋಗುತ್ತಿದ್ದಳು. ಮೊದಲ ದಿನ ನುಂಗಿದ ಮೇಲೆ ಪಕ್ಕದ ಮಂಚದಿಂದ ನೀಲಗಂಗಾ ಕೇಳಿದಳು, “ಏನ್ರೀ, ನಿಮ್ಮ ಗುಳಿಗಿ ಹೆಂಗೈತಿ?”

“ಸಪ್ಪಗ. ಸುಣ್ಣ ತಿಂದಂಗ.”

“ನಂದು ಬೇವಿನ ತಪ್ಪಲಾ ನೋಡ್ರಿ.”

“ನಿನ್ನ ನಾಲಿಗೀನ ಅಂಥಾದ್ದು ಬಿಡು” ಎಂದೆ. ನಗುತ್ತ ಕೆಮ್ಮಿದಳು.

ಮರುದಿನದಿಂದ ನನ್ನ ಗುಳಿಗೆಯೂ ಕಹಿಯಾಯಿತು. ಕೇಳಿದರೆ, “ಜ್ವರದಾಗ ಬಾಯಿ ಕಹಿ ಆಗ್ತೈತ್ರಿ. ಸಣ್ಣ ಹುಡುಗರಂಗ ಮಾಡಬ್ಯಾಡ್ರಿ, ನುಂಗ್ರಿ” ಎಂದು ಗದರಿಸಿದಳು. ಹೌದಲ್ಲ, ಜ್ವರದಲ್ಲಿ ಬಾಯಿ ಕಹಿಯಾಗುವುದು ಯಾರಿಗೆ ಗೊತ್ತಿಲ್ಲ? ನಂಬಿದೆ. ನನ್ನ ಜ್ವರ ಇಳಿಯಿತು. ಅವಳದು ಇಳಿಯಲಿಲ್ಲ.

ಗುಟ್ಟು ಬಿಡಿಸುವ ದಿನಕ್ಕೆ ನಮ್ಮಲ್ಲಿ ಕಣ್ತೆರವು ಎನ್ನುತ್ತಾರೆ. ಮದ್ದು ಸಿಕ್ಕವರದೊಂದು ಪಂಕ್ತಿ, ಸಪ್ಪೆ ಸಿಕ್ಕವರದೊಂದು, ಎದುರುಬದುರು ಊಟ. ತೀರಿಕೊಂಡವರಿಗೂ ಎಲೆ ಹಾಕುತ್ತಾರೆ. ನನ್ನನ್ನು ಸಪ್ಪೆಯವರ ಸಾಲಿನಲ್ಲಿ ಕೂರಿಸಿದರು. ಅವಳ ಎಲೆ ಎದುರಿನ ಸಾಲಿನಲ್ಲಿತ್ತು. ಅದಕ್ಕೆ ಗೋಧಿ ಹುಗ್ಗಿ ಬಡಿಸುವಾಗ ನನಗೆ ತಿಳಿಯಿತು, ನನ್ನ ಬಾಯಿಯ ಕಹಿ ಜ್ವರದ್ದಲ್ಲ. ನನಗೆ ಜೊಂಪು ಹತ್ತಿದಾಗಲೆಲ್ಲ ಅವಳು ಗುಳಿಗೆ ಅದಲುಬದಲು ಮಾಡಿದ್ದಳು. ಬಡಿಸುತ್ತಿದ್ದವಳು ಪರೀಕ್ಷೆಯ ಮನೆಯ ಡಾಕ್ಟರ್ ಮೆಹಜಬೀನ್, ಆಕೆಗೆ ಅಲ್ಲೇ ಹೇಳಿದೆ. ಆಕೆ ಸೌಟನ್ನು ಹುಗ್ಗಿಯ ಪಾತ್ರೆಯೊಳಗೆ ಇಟ್ಟಳು. “ಕಾಕಾ, ಯಾರಿಗೆ ಏನು ಹಂಚಿದ್ವೋ ಲೆಕ್ಕ ಅದರಂಗರಿ. ಒಬ್ಬೊಬ್ಬರ ಮಾತಿಗೆ ತಿದ್ದಕೋತ ಹೋದರ ಯಾವ ಮದ್ದನ್ನೂ ನಂಬಾಕ ಆಗೂದಿಲ್ಲ” ಎಂದಳು. ಆಕೆ ಹೇಳಿದ್ದು ಸರಿ. ಮದ್ದೂ ಗೆದ್ದಿತು, ಈಗ ಊರೂರಿಗೆ ಹೋಗುತ್ತಿದೆ. ಆದರೆ ಆ ಮದ್ದಿಗೂ ಉಳಿಸಲಾಗದವರಲ್ಲಿ ನನ್ನ ನೀಲಗಂಗಾ ಒಬ್ಬಳು ಎಂದೇ ಲೆಕ್ಕವಾಗಿದೆ. ಅವಳು ತಿಂದದ್ದು ಒಂದೇ ಒಂದು, ರುಚಿ ನೋಡುವಷ್ಟು.

ಈಗ ನೆನಪಾಯಿತು, ಬೇಡಬೇಕಾದದ್ದು ಇದು. ಸಪ್ಪೆ ಗುಳಿಗೆಗೂ ಕಹಿ ಹಾಕಿ. ಎರಡೂ ಕಹಿಯಾದರೆ ಯಾವ ಹೆಂಡತಿಗೂ ಆರಿಸಲು ಬರುವುದಿಲ್ಲ. ತನ್ನದನ್ನು ತಾನು ನುಂಗುತ್ತಾಳೆ. ನಿಮ್ಮ ಕಾಲದಲ್ಲೇ ಈ ರೂಢಿ ಬೇರು ಬಿಟ್ಟರೆ ನಮ್ಮ ತನಕ ಬಂದೀತು. ಆಗ ಈ ಕಾಗದ ಬರೆಯಲು ನಾನಿರುವುದಿಲ್ಲ, ಗೊತ್ತು. ಅವಳಿರುತ್ತಾಳೆ. ಬೇಕಾದರೆ ಅವಳೇ ಬರೆಯಲಿ, ಅವಳ ಅಕ್ಷರ ನನ್ನದಕ್ಕಿಂತ ದುಂಡಗೆ.

ಆ ಚಟ್ನಿಪುಡಿಯ ಡಬ್ಬಿ ಇಲ್ಲೇ ಇದೆ. ಮುಚ್ಚಳ ನನಗೆ ಬಿಚ್ಚಲು… ಹೊತ್ತು ಮುಳುಗಿದ ಮೇಲೆ ಮನೆಗಳಲ್ಲಿ ದೀಪ ಹಚ್ಚುವಂತಿಲ್ಲ, ಕರೆಂಟೆಲ್ಲ ವಾರ್ಡುಗಳಿಗೆ. ಕಾಗದದ ಗೆರೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.